ತಂತಿಯ ಪಾಲು: ಉಡುಪಿ ಸೀಮೆಯಲ್ಲಿ ವಿದ್ಯುತ್ ಲೆಕ್ಕದ ಚರಿತ್ರೆ

ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಎದ್ದ ದೀಪಸ್ತಂಭವು ಎಣ್ಣೆದೀಪದ ಬೆಳಕಿನಿಂದ ಹಡಗುಗಳಿಗೆ ದಾರಿ ತೋರತೊಡಗಿದ ಮರುವರ್ಷವೇ, 1902ರ ಜೂನ್ ತಿಂಗಳ ಕೊನೆಯಲ್ಲಿ, ಮೈಸೂರು ಸಂಸ್ಥಾನವು ಶಿವನಸಮುದ್ರದ ಕಾವೇರಿ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ, ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಮುಟ್ಟಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂತು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಸಂಸ್ಥಾನದ ಈ ಸಾಹಸದಲ್ಲಿ ಅದಕ್ಕೆ ಭಾಗವಿರಲಿಲ್ಲ. ಇಂದು ಉಡುಪಿ, ಕಾಪು, ಕಾರ್ಕಳ ತಾಲೂಕುಗಳೆನಿಸಿಕೊಂಡಿರುವ ಪ್ರದೇಶದ ಹಳ್ಳಿಗಳಲ್ಲಿ ವಿದ್ಯುತ್ ಕಂಬ ನೆಡುವ ಕೆಲಸ ವ್ಯಾಪಕವಾಗಿ ನಡೆದದ್ದು 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ. ತಡವಾಗಿ ಬಂದ ಈ ವಿದ್ಯುತ್ತು ದೂರದಿಂದ ಬಂತು, ಚೆದುರಿದ ಮನೆಗಳಿಗೆ ಉದ್ದುದ್ದದ ತಂತಿಗಳ ಮೇಲೆ ಬಂತು. ಆದಕಾರಣ ಈ ಸೀಮೆಯ ವಿದ್ಯುತ್ ಚರಿತ್ರೆಯನ್ನು ಎಷ್ಟು ಉತ್ಪಾದನೆಯಾಯಿತು ಎಂಬ ಲೆಕ್ಕದಿಂದ ಬರೆಯುವುದಕ್ಕಿಂತ, ಹೊರಟದ್ದರಲ್ಲಿ ಎಷ್ಟು ಮುಟ್ಟಿತು, ತಂತಿ ತಾನೇ ಎಷ್ಟನ್ನು ಉಳಿಸಿಕೊಂಡಿತು ಎಂಬ ಲೆಕ್ಕದಿಂದ ಬರೆಯುವುದೇ ಹೆಚ್ಚು ಯುಕ್ತವಾದೀತು.

ಈ ಲೆಕ್ಕದಲ್ಲಿ ಬರುವ ರಾಶಿಗಳು ನಾಲ್ಕೇ. ವಿದ್ಯುತ್ತನ್ನು ತಂತಿಯಲ್ಲಿ ಮುಂದಕ್ಕೆ ತಳ್ಳುವ ಒತ್ತಡಕ್ಕೆ ಪಠ್ಯಪುಸ್ತಕಗಳಲ್ಲಿ ವಿಭವಾಂತರವೆಂದೂ ಬಳಕೆಯಲ್ಲಿ ವೋಲ್ಟೇಜ್ ಎಂದೂ ಹೆಸರು; ಅದರ ಮಾನ ವೋಲ್ಟ್. ತಂತಿಯ ಒಂದು ಬಿಂದುವನ್ನು ಒಂದು ಸೆಕೆಂಡಿನಲ್ಲಿ ದಾಟಿಹೋಗುವ ವಿದ್ಯುದಂಶದ ಪ್ರಮಾಣ ಪ್ರವಾಹ. ಅದರ ಮಾನ ಆಂಪಿಯರ್. ಪ್ರವಾಹಕ್ಕೆ ವಸ್ತುವು ಒಡ್ಡುವ ಅಡ್ಡಿ ರೋಧ. ಅದರ ಮಾನ ಓಮ್. ಒಂದು ಸೆಕೆಂಡಿನಲ್ಲಿ ಆಗುವ ಕೆಲಸ ಅಥವಾ ಹುಟ್ಟುವ ಶಾಖ ಸಾಮರ್ಥ್ಯ. ಅದರ ಮಾನ ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ದೊರೆಯುತ್ತದೆ, ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಈ ಎರಡು ಸಂಬಂಧಗಳನ್ನು ಕೂಡಿಸಿದಾಗ ಮೂರನೆಯದೊಂದು ಹೊರಬೀಳುತ್ತದೆ: ತಂತಿಯಲ್ಲಿ ಶಾಖವಾಗಿ ವ್ಯಯವಾಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಒಕ್ಕಲು ಬೆಳೆದದ್ದರಲ್ಲಿ ಧಣಿಗೆ ಗೇಣಿ ಸಲ್ಲುತ್ತಿದ್ದಂತೆ, ಸಾಗುವ ವಿದ್ಯುತ್ತಿನಲ್ಲಿ ತಂತಿಗೂ ಒಂದು ಪಾಲು ಸಲ್ಲಲೇಬೇಕು. ಆದರೆ ಈ ಗೇಣಿಯ ಕಟ್ಟಳೆ ಬಲು ಕಠಿಣವಾದುದು, ಪ್ರವಾಹ ಇಮ್ಮಡಿಯಾದರೆ ತಂತಿಯ ಪಾಲು ನಾಲ್ಮಡಿಯಾಗುತ್ತದೆ.

ಮೊದಲನೆಯ ಸಂಬಂಧವನ್ನು ಪ್ರಕಟಿಸಿದವನು ಕಲೋನ್ ನಗರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಗೇಯಾರ್ಗ್ ಸೈಮನ್ ಓಮ್; ಅವನ ಗ್ರಂಥ ಬರ್ಲಿನ್ನಿನಲ್ಲಿ ಅಚ್ಚಾದದ್ದು 1827ರಲ್ಲಿ. ಅವನಿಗಿಂತ ಬಹಳ ಮೊದಲೇ, 1781ರಲ್ಲಿ, ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ತನ್ನ ದೇಹವನ್ನೇ ಅಳತೆಯ ಉಪಕರಣವನ್ನಾಗಿ ಮಾಡಿಕೊಂಡು, ಆಘಾತದ ತೀವ್ರತೆಯಿಂದ ಪ್ರವಾಹವನ್ನು ಅಂದಾಜಿಸಿ, ಇದೇ ನಿಯಮವನ್ನು ಕಂಡುಕೊಂಡಿದ್ದನಾದರೂ ಆ ಟಿಪ್ಪಣಿಗಳು ಮ್ಯಾಕ್ಸ್‌ವೆಲ್‌ನ ಸಂಪಾದಕತ್ವದಲ್ಲಿ 1879ರಲ್ಲಿ ಹೊರಬರುವವರೆಗೆ ಕತ್ತಲಲ್ಲೇ ಉಳಿದವು. ತಂತಿಯ ಶಾಖಕ್ಕೂ ಪ್ರವಾಹದ ವರ್ಗಕ್ಕೂ ಇರುವ ಸಂಬಂಧವನ್ನು 1840ರ ಸುಮಾರಿಗೆ ಪ್ರಯೋಗದಿಂದ ತೋರಿಸಿದವನು ಮ್ಯಾಂಚೆಸ್ಟರ್ ಬಳಿಯ ಜೇಮ್ಸ್ ಜೌಲ್. ಓಮನ ಗ್ರಂಥಕ್ಕೆ ತವರಿನಲ್ಲಿ ತಕ್ಕ ಮನ್ನಣೆ ದೊರೆಯುವ ಮೊದಲೇ ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕವನ್ನಿತ್ತು ಅವನನ್ನು ಗೌರವಿಸಿತು.

ನಿಯಮಗಳು ಪುಸ್ತಕದಿಂದ ಹೊರಬಂದು ದುಡಿಮೆಗೆ ಇಳಿದದ್ದು ದೀಪ ಬೆಳಗುವುದಕ್ಕಾಗಿ ಅಲ್ಲ, ತಂತಿ ಸಮಾಚಾರಕ್ಕಾಗಿ. ನೂರಾರು ಕಿಲೋಮೀಟರ್ ಉದ್ದದ ತಂತಿ ಎಲ್ಲೋ ನೆಲಕ್ಕೆ ತಾಗಿ ಸುದ್ದಿ ನಿಂತುಹೋದಾಗ ಇಡೀ ದಾರಿಯನ್ನು ನಡೆದು ಹುಡುಕುವ ಬದಲು, ಕಚೇರಿಯಲ್ಲೇ ಕುಳಿತು ರೋಧವನ್ನು ಅಳೆದು, ಕಿಲೋಮೀಟರಿಗೆ ಇಷ್ಟು ಓಮ್ ಎಂಬ ಗೊತ್ತಿರುವ ಲೆಕ್ಕದಿಂದ ಭಾಗಿಸಿದರೆ ದೋಷದ ದೂರ ತಿಳಿಯುತ್ತದೆ. ಭಾರತದ ತಂತಿ ಇಲಾಖೆಯಲ್ಲಿ ದುಡಿದು 1882ರಲ್ಲಿ ತೀರಿಕೊಂಡ ಜರ್ಮನ್ ಮೂಲದ ಲೂಯಿ ಶ್ವೆಂಡ್ಲರ್ ಈ ಪರೀಕ್ಷಾಕ್ರಮವನ್ನು ಕೈಪಿಡಿಯಾಗಿ ಬರೆದು ಇಲಾಖೆಯ ನಿತ್ಯದ ರೂಢಿಯನ್ನಾಗಿಸಿದನು. ಆದರೆ ಅಳತೆ ಬೇಕಾದರೆ ಮಾನ ಒಂದೇ ಇರಬೇಕು. 1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನವು ವೋಲ್ಟ್, ಓಮ್, ಆಂಪಿಯರ್‌ಗಳಿಗೆ ಅಂತರರಾಷ್ಟ್ರೀಯ ಒಪ್ಪಿಗೆ ನೀಡಿತು. 1893ರ ಶಿಕಾಗೋ ಸಮ್ಮೇಳನವು ಒಂದು ಓಮ್ ಎಂದರೆ ಹಿಮ ಕರಗುವ ಉಷ್ಣತೆಯಲ್ಲಿ 106.3 ಸೆಂಟಿಮೀಟರ್ ಉದ್ದದ, ಸುಮಾರು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸದ ಎಳೆ ಒಡ್ಡುವ ರೋಧವೆಂದು ಗೊತ್ತುಮಾಡಿತು. ವ್ಯಾಟ್ ಎಂಬ ಹೆಸರನ್ನು ವಿಲಿಯಂ ಸೀಮೆನ್ಸ್ 1882ರಲ್ಲಿ ಸೂಚಿಸಿದನು. ಶಿವನಸಮುದ್ರದ ತಂತಿ ಎಳೆಯುವ ಹೊತ್ತಿಗೆ ಈ ಮಾನಗಳೆಲ್ಲ ಎಂಜಿನಿಯರರ ಕೈಗೆ ಪಳಗಿದ್ದವು. 30 ಸಾವಿರ ವೋಲ್ಟ್‌ನ ಆಸುಪಾಸಿನ ಒತ್ತಡದಲ್ಲಿ ವಿದ್ಯುತ್ತನ್ನು ಕಳುಹಿಸಬೇಕೆಂಬ, ಆ ಕಾಲಕ್ಕೆ ಎದೆಗಾರಿಕೆಯ ನಿರ್ಧಾರಕ್ಕೆ ಆಧಾರವಾದದ್ದು ಜೌಲನ ವರ್ಗದ ನಿಯಮವೇ. ಒತ್ತಡ ಹತ್ತುಪಟ್ಟು ಹೆಚ್ಚಿದರೆ ಅಷ್ಟೇ ಸಾಮರ್ಥ್ಯವನ್ನು ಹತ್ತನೆಯ ಒಂದು ಪಾಲು ಪ್ರವಾಹದಿಂದ ಸಾಗಿಸಬಹುದು, ತಂತಿಯ ನಷ್ಟ ನೂರನೆಯ ಒಂದಕ್ಕೆ ಇಳಿಯುತ್ತದೆ.

ಕನ್ನಡದಲ್ಲಿ ಈ ವಿಷಯ ಬರೆಯಲ್ಪಟ್ಟ ಬಗೆಯೂ ಚರಿತ್ರೆಯ ಒಂದು ಎಳೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷ ಬಾಳಿತಷ್ಟೇ. ಆದರೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯಕ್ಕೆ ಅದು ಮೊದಲ ಸಾಕ್ಷಿ. ಕರಾವಳಿಯಿಂದ ಈ ಕೆಲಸಕ್ಕೆ ಕೈಹಾಕಿದವರು ಕೋಟದ ಶಿವರಾಮ ಕಾರಂತರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು 1930ರ ದಶಕದಲ್ಲೇ ಹೊರತಂದ ಅವರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ವಿಜ್ಞಾನದ ಪದವಿಯಿಲ್ಲದ ಕಾದಂಬರಿಕಾರನೊಬ್ಬ ವಿಶ್ವಕೋಶವನ್ನು ಬರೆದುದನ್ನು ಹವ್ಯಾಸವೆಂದು ತಳ್ಳಿಹಾಕುವ ಪಂಡಿತರು ಆಗಲೂ ಇದ್ದಿರಬಹುದು. ಆದರೆ ವಿದ್ಯುತ್ ಇನ್ನೂ ಕಾಲಿಡದ ಊರುಗಳ ವಾಚನಾಲಯಗಳಲ್ಲಿ ಓದುಗನೊಬ್ಬನಿಗೆ ವಿದ್ಯುತ್ತಿನ ಕಲ್ಪನೆಯನ್ನು ಕನ್ನಡದಲ್ಲೇ ಕೊಡಬಲ್ಲ ಇಂಥ ಪುಸ್ತಕಗಳು ಎಷ್ಟಿದ್ದವು ಎಂಬುದನ್ನು ನೆನೆದರೆ ಆ ತಿರಸ್ಕಾರ ನಿಲ್ಲುವುದಿಲ್ಲ.

1957ನೆಯ ಇಸವಿ ಈ ಸೀಮೆಗೆ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಅಸ್ತಿತ್ವಕ್ಕೆ ಬಂದು, ಹಿಂದಿನ ಸಂಸ್ಥಾನ, ಮದರಾಸು, ಮುಂಬಯಿ, ಹೈದರಾಬಾದುಗಳಿಂದ ಬಂದ ಭಾಗಗಳ ವಿದ್ಯುತ್ ವ್ಯವಸ್ಥೆಯನ್ನು ಒಂದೇ ಆಡಳಿತಕ್ಕೆ ತರುವ ಹೊಣೆ ಹೊತ್ತಿತು; ಅದೇ ವರ್ಷ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. ಅದಕ್ಕೆ ನಾಲ್ಕು ವರ್ಷ ಹಿಂದೆ, 1953ರಲ್ಲಿ, ವೈದ್ಯಕೀಯ ಕಾಲೇಜನ್ನು ಕಟ್ಟಿದ ಅದೇ ಮುರಕಲ್ಲಿನ ಗುಡ್ಡದ ಮೇಲೆ ಓಮನ ನಿಯಮವನ್ನು ಪಾಠವಾಗಿ ಮಾತ್ರವಲ್ಲದೆ ಕಸುಬಾಗಿ ಕಲಿಸುವ ಸಂಸ್ಥೆಯೊಂದು ಎದ್ದಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರ ಪ್ರಯತ್ನದಿಂದ ಎಂಜಿನಿಯರಿಂಗ್ ಕಾಲೇಜು ಬಂದದ್ದು 1986ರಲ್ಲಿ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿ ಕಲಿಯುವ ಮೊದಲ ಪಾಠಗಳಲ್ಲಿ ಒಂದು, ಆಂಪಿಯರ್ ಮಾಪಕವನ್ನು ಮಂಡಲದ ನಡುವೆ ಸರಣಿಯಾಗಿಯೂ ವೋಲ್ಟ್ ಮಾಪಕವನ್ನು ವಸ್ತುವಿನ ಎರಡು ತುದಿಗಳಿಗೆ ಸಮಾಂತರವಾಗಿಯೂ ಜೋಡಿಸಿ, ಎರಡರ ಓದಿನಿಂದ ರೋಧವನ್ನು ಕಂಡುಹಿಡಿಯುವುದು. ಅದರೊಳಗೇ ಇನ್ನೊಂದು ಸೂಕ್ಷ್ಮ ಪಾಠವೂ ಅಡಗಿದೆ: ವೋಲ್ಟ್ ಮಾಪಕ ತಾನೂ ಅಷ್ಟಿಷ್ಟು ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಆಂಪಿಯರ್ ಮಾಪಕ ತಾನೂ ಅಷ್ಟಿಷ್ಟು ವೋಲ್ಟನ್ನು ಕಳೆಯುತ್ತದೆ, ಆದ್ದರಿಂದ ಅಳೆಯುವ ಕ್ರಿಯೆಯೇ ಅಳತೆಯನ್ನು ಕೊಂಚ ಕೆಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವೀಟ್‌ಸ್ಟನ್ ಪ್ರಚಾರಕ್ಕೆ ತಂದ ಸೇತುವೆ ಮಂಡಲ, ಅಂದರೆ ನಾಲ್ಕು ರೋಧಗಳನ್ನು ಸರಿತೂಗಿಸಿ ನಡುವೆ ಪ್ರವಾಹ ಶೂನ್ಯವಾಗುವಂತೆ ಮಾಡುವ ವಿಧಾನ, ಈ ದೋಷದಿಂದ ಪಾರಾಗುವ ದಾರಿ.

ಕಾಲೇಜಿನ ಲೆಕ್ಕ ಹೊಲದ ಅಂಚಿಗೆ ಬಂದಾಗ ಅದರ ಮುಖವೇ ಬೇರೆಯಾಯಿತು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕೂಡಿದ ಮನೆಗಳು. ಊರ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟರೆ ಎಲ್ಲ ಮನೆಗಳೂ ಅದರ ಕೂಗಳತೆಯಲ್ಲಿರುತ್ತವೆ. ಕರಾವಳಿಯಲ್ಲಿ ಹಾಗಲ್ಲ. ಬೈಲಿಗೊಂದು ಮನೆ, ಗುಡ್ಡದ ಬುಡಕ್ಕೊಂದು ಮನೆ, ಪ್ರತಿ ಮನೆಯ ಸುತ್ತ ಅದರದೇ ತೋಟ, ಗದ್ದೆ, ಬಾವಿ; ಗ್ರಾಮವೆಂಬುದು ಕಂದಾಯದ ಕಡತದಲ್ಲಿ ಒಂದೇ ಆದರೂ ನೆಲದ ಮೇಲೆ ಮೈಲಿಗಟ್ಟಲೆ ಹರಡಿರುತ್ತದೆ. ಹೀಗಾಗಿ ಟ್ರಾನ್ಸ್‌ಫಾರ್ಮರ್‌ನಿಂದ ಕೊನೆಯ ಮನೆಯವರೆಗಿನ ಕಡಿಮೆ ಒತ್ತಡದ ತಂತಿ, ಲೈನ್‌ಮ್ಯಾನ್‌ಗಳ ಮಾತಿನಲ್ಲಿ ಎಲ್‌.ಟಿ. ಲೈನ್, ಇಲ್ಲಿ ಬಹಳ ಉದ್ದವಾಗಬೇಕಾಯಿತು. ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೆಣೆದ ಈ ತಂತಿಗಳಿಗೆ ಬ್ರಿಟಿಷರ ಕಾಲದಿಂದ ಪ್ರಾಣಿಗಳ ಹೆಸರುಗಳಿದ್ದು, ದಪ್ಪ ಹೆಚ್ಚಿದಂತೆ ಸ್ಕ್ವಿರಲ್, ವೀಸಲ್, ರ‍್ಯಾಬಿಟ್ ಎಂದು ಅವು ಇಂದಿಗೂ ಸ್ಟೋರಿನ ಪುಸ್ತಕಗಳಲ್ಲಿ ನಮೂದಾಗುತ್ತವೆ. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.91 ಓಮ್. ಒಂದು ಕಿಲೋಮೀಟರ್ ದೂರದ ಮನೆಗಳ ಗುಂಪು 20 ಆಂಪಿಯರ್ ಎಳೆಯುತ್ತಿದೆಯೆಂದುಕೊಂಡರೆ, ಹೋಗುವ ತಂತಿಯೂ ಮರಳುವ ತಂತಿಯೂ ಸೇರಿ 1.82 ಓಮ್ ಆಗುವುದರಿಂದ, ದಾರಿಯಲ್ಲೇ 36 ವೋಲ್ಟ್ ಕಳೆದುಹೋಗುತ್ತದೆ. 240 ವೋಲ್ಟಿನಿಂದ ಹೊರಟದ್ದು 204 ವೋಲ್ಟಾಗಿ ಮುಟ್ಟುತ್ತದೆ. ಹೊರಟ 4800 ವ್ಯಾಟ್‌ನಲ್ಲಿ 700ಕ್ಕೂ ಹೆಚ್ಚು ವ್ಯಾಟ್ ತಂತಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ, ಅಂದರೆ ಶೇಕಡಾ 15. ಗ್ರಾಹಕನ ಮನೆಬಾಗಿಲಿನಲ್ಲಿ ವೋಲ್ಟೇಜ್ ಘೋಷಿತ ಮಟ್ಟಕ್ಕಿಂತ ಶೇಕಡಾ 6ರಷ್ಟನ್ನು ಮೀರಿ ಏರಬಾರದು, ಇಳಿಯಬಾರದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳ 54ನೆಯ ನಿಯಮ ವಿಧಿಸಿತ್ತು. 240 ವೋಲ್ಟಿಗೆ ಆ ಕೆಳಮಿತಿ 225.6 ವೋಲ್ಟ್. ಉದ್ದದ ಲೈನುಗಳ ತುದಿಯಲ್ಲಿ, ಅದರಲ್ಲೂ ಸಂಜೆಯ ಹೊತ್ತಿನಲ್ಲಿ, ಈ ನಿಯಮ ಕಾಗದದ ಮೇಲಷ್ಟೇ ಜೀವಿಸಿತು ಎನ್ನುವುದು ಕಟುವಾದರೂ ತಪ್ಪಲ್ಲ.

1979ರ ಸುಮಾರಿಗೆ ಕರ್ನಾಟಕ ಸರಕಾರ ಬಡವರ ಮನೆಗೊಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆಯನ್ನು ಆರಂಭಿಸಿದಾಗ ಅದು ಒಪ್ಪಿಕೊಂಡ ಭಾರ ಮನೆಗೆ 40 ವ್ಯಾಟ್. ಮುಂದೆ ದರಪಟ್ಟಿಗಳಲ್ಲಿ ಇಂಥ ಮನೆಗಳಿಗೆ ತಿಂಗಳಿಗೆ 18 ಯೂನಿಟ್‌ಗಳ ಮಿತಿ ಕಾಣಿಸಿಕೊಂಡಿತು. ಯೂನಿಟ್ ಎಂದರೆ 1000 ವ್ಯಾಟ್ ಸಾಮರ್ಥ್ಯವನ್ನು ಒಂದು ಗಂಟೆ ಬಳಸಿದಷ್ಟು ಶಕ್ತಿ. 40 ವ್ಯಾಟ್ ಬಲ್ಬು ದಿನಕ್ಕೆ 15 ಗಂಟೆಯಂತೆ 30 ದಿನ ಉರಿದರೆ ಸರಿಯಾಗಿ 18 ಯೂನಿಟ್ ಆಗುತ್ತದೆ. 240 ವೋಲ್ಟಿನಲ್ಲಿ ಈ ಬಲ್ಬು ಎಳೆಯುವ ಪ್ರವಾಹ ಆಂಪಿಯರಿನ ಆರನೆಯ ಒಂದು ಭಾಗ, ಉರಿಯುವಾಗ ಅದರ ಎಳೆಯ ರೋಧ 1440 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ, ರೋಧ ಬದಲಾಗದೆಂದು ಭಾವಿಸಿ ಲೆಕ್ಕ ಹಾಕಿದಾಗ ಸಾಮರ್ಥ್ಯ 22.5 ವ್ಯಾಟ್‌ಗೆ ಕುಸಿಯುತ್ತದೆ. ವಾಸ್ತವದಲ್ಲಿ ಟಂಗ್‌ಸ್ಟನ್ ಎಳೆ ತಣ್ಣಗಾದಂತೆ ಅದರ ರೋಧವೂ ಇಳಿಯುವುದರಿಂದ ಸಾಮರ್ಥ್ಯ ಇನ್ನೂ ಎರಡು ಮೂರು ವ್ಯಾಟ್ ಹೆಚ್ಚಿರುತ್ತದೆ. ಆದರೆ ಬೆಳಕು ಸಾಮರ್ಥ್ಯಕ್ಕಿಂತ ಬಹಳ ವೇಗವಾಗಿ ಕುಗ್ಗುತ್ತದೆ. ಅಂಥ ಬಲ್ಬು ಕೊಡುವುದು ತನ್ನ ಬೆಳಕಿನ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಕೆಂಪಗೆ ಮಿಣುಕುವ ಬಲ್ಬಿನ ಕೆಳಗೆ ಚಿಮಣಿ ದೀಪವನ್ನೂ ಹಚ್ಚಿಡಬೇಕಾಗುತ್ತಿದ್ದುದಕ್ಕೆ ಕಾರಣ ಇದು.

ಬಲ್ಬಿನ ಲೆಕ್ಕ ಪಂಪಿಗೆ ಹೊಂದುವುದಿಲ್ಲ ಎಂಬ ಅರಿವು ಅಡಿಕೆ ತೋಟದ ಕೃಷಿಕರಿಗೆ ಬಂದದ್ದು ದುಬಾರಿ ದಾರಿಯಿಂದ. ಬಲ್ಬಿಗೆ ಒತ್ತಡ ಕಡಿಮೆಯಾದರೆ ಪ್ರವಾಹವೂ ಕಡಿಮೆಯಾಗುತ್ತದೆ, ನಷ್ಟವೆಂದರೆ ಬೆಳಕು ಮಾತ್ರ. ಪಂಪಿನ ಮೋಟಾರಿಗೆ ಒತ್ತಡ ಕಡಿಮೆಯಾದರೆ ಪ್ರವಾಹ ಹೆಚ್ಚುತ್ತದೆ, ಏಕೆಂದರೆ ಎತ್ತಬೇಕಾದ ನೀರಿನ ಭಾರ ಅಷ್ಟೇ ಇದ್ದು, ಮೋಟಾರು ಸುಮಾರಾಗಿ ಅದೇ ವೇಗದಲ್ಲಿ ತಿರುಗುತ್ತ ಅಷ್ಟೇ ಸಾಮರ್ಥ್ಯವನ್ನು ಬೇಡುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಐದು ಅಶ್ವಶಕ್ತಿಯ ಮೂರು ಫೇಸಿನ ಮೋಟಾರು 415 ವೋಲ್ಟಿನಲ್ಲಿ ಏಳೆಂಟು ಆಂಪಿಯರ್ ಎಳೆಯುವಂಥದು, 300 ವೋಲ್ಟಿನಲ್ಲಿ ಹತ್ತು ಆಂಪಿಯರನ್ನು ದಾಟುತ್ತದೆ. ಶಾಖ ಪ್ರವಾಹದ ವರ್ಗದಂತೆ ಬೆಳೆಯುವುದರಿಂದ ಸುರುಳಿ ಕಾಯುವ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಾತ್ರವಲ್ಲ, ಹೀಗೆ ಹೆಚ್ಚಿದ ಪ್ರವಾಹ ತಂತಿಯಲ್ಲಿ ಇನ್ನಷ್ಟು ವೋಲ್ಟನ್ನು ನುಂಗಿ, ನೆರೆಯ ತೋಟದ ಪಂಪನ್ನೂ ಅದೇ ಸಂಕಟಕ್ಕೆ ನೂಕುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಎಲ್ಲ ತೋಟಗಳಿಗೂ ಒಟ್ಟಿಗೆ ನೀರು ಬೇಕಾಗುವ ಈ ಸೀಮೆಯಲ್ಲಿ, ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಪೇಟೆಪೇಟೆಗಳಲ್ಲಿ ಕಸುಬಾಗಿ ಬೇರೂರಿದ್ದಕ್ಕೆ ಈ ಗಣಿತವೇ ಮೂಲ. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತವಾಯಿತು. ಬೆಲೆಯಿಲ್ಲದ ವಿದ್ಯುತ್ತಿಗೆ ಮೀಟರು ಅನಾವಶ್ಯಕವೆನಿಸಿ, ಪಂಪು ಬಳಸಿದ್ದೆಷ್ಟು, ತಂತಿ ತಿಂದದ್ದೆಷ್ಟು ಎಂಬುದನ್ನು ಬೇರ್ಪಡಿಸಲು ಅಂದಾಜೇ ಗತಿಯಾಯಿತು. ನಷ್ಟವನ್ನು ಮರೆಮಾಡಲು ಇಷ್ಟು ಅನುಕೂಲವಾದ ಜಾಗ ಬೇರೊಂದಿಲ್ಲ.

ರೋಧದ ಇನ್ನೊಂದು ಮುಖ ಈ ಮೂರು ತಾಲೂಕುಗಳ ನೆಲದಲ್ಲೇ ಇದೆ. ಉಪಕರಣದ ಲೋಹದ ಮೈಗೆ ವಿದ್ಯುತ್ ತಗುಲಿದರೆ ಅದು ನೆಲಕ್ಕೆ ಹರಿದು ಫ್ಯೂಸ್ ಸುಡಲೆಂದು ಮಾಡುವ ವ್ಯವಸ್ಥೆಗೆ ಅರ್ಥಿಂಗ್ ಎಂದು ಹೆಸರು. ನೆಲದ ರೋಧ 5 ಓಮ್ ಇದ್ದರೆ 230 ವೋಲ್ಟಿನಲ್ಲಿ 46 ಆಂಪಿಯರ್ ಹರಿದು, 5 ಆಂಪಿಯರಿನ ಫ್ಯೂಸ್ ಕ್ಷಣದಲ್ಲಿ ಸುಡುತ್ತದೆ. ಅದೇ ರೋಧ 100 ಓಮ್ ಆದರೆ ಹರಿಯುವುದು 2.3 ಆಂಪಿಯರ್ ಮಾತ್ರ, ಫ್ಯೂಸ್ ಸುಮ್ಮನಿರುತ್ತದೆ, ಲೋಹದ ಮೈ ಮಾತ್ರ ಮುಟ್ಟುವವನಿಗಾಗಿ ಕಾದಿರುತ್ತದೆ. ಮಣಿಪಾಲದ ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿದು ತಕ್ಕಮಟ್ಟಿಗೆ ವಾಹಕವಾದರೂ ಬೇಸಿಗೆಯಲ್ಲಿ ಬಿರುಸಾಗಿ ಒಣಗುತ್ತದೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಗ್ರಾನೈಟ್ ಬಂಡೆ ಎಲ್ಲ ಕಾಲದಲ್ಲೂ ಹಟಮಾರಿ. ಕಾಪುವಿನ ಕಡಲ ದಂಡೆಯ ಉಪ್ಪುನೀರು ಬೆರೆತ ಮರಳು ವಿದ್ಯುತ್ತನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಆದರೆ ಹೂಳಿದ ಕೊಳವೆಯನ್ನು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿಸುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯುವ ಪದ್ಧತಿ ರೋಧವನ್ನು ತಗ್ಗಿಸುವ ಉಪಾಯವೇ. 30 ಮಿಲಿಆಂಪಿಯರ್ ಸೋರಿಕೆಗೇ ಮಂಡಲವನ್ನು ಕಡಿಯುವ ಸ್ವಿಚ್ಚುಗಳು ಬಂದ ಮೇಲೆ ನೆಲದ ಮೇಲಿನ ಈ ಅವಲಂಬನೆ ಕಡಿಮೆಯಾಯಿತು. ಒದ್ದೆ ಮೈಯ ರೋಧವನ್ನು ಸಾವಿರ ಓಮ್ ಎಂದು ಹಿಡಿದರೆ 230 ವೋಲ್ಟಿನಲ್ಲಿ ಹರಿಯುವ 230 ಮಿಲಿಆಂಪಿಯರ್ ಪ್ರಾಣ ತೆಗೆಯಲು ಸಾಕಾಗುವುದರಿಂದ, ಆ ಸ್ವಿಚ್ಚಿನ ಬೆಲೆಯನ್ನು ಕುರಿತು ಚೌಕಾಸಿ ಮಾಡುವುದು ವಿವೇಕವಲ್ಲ.

ಕಾರ್ಕಳದ ಪೂರ್ವಕ್ಕೆ, ಕುದುರೆಮುಖದ ಕಾಡಂಚಿನ ಒಂಟಿ ಮನೆಗಳಿಗೆ ಕಂಬವೇ ಬಾರದಿದ್ದಾಗ ಬೇರೆ ಬಗೆಯ ಲೆಕ್ಕ ಹುಟ್ಟಿತು. ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಅವರೊಡನೆ 1995ರಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಸೌರದೀಪಗಳನ್ನು ದಾನವಾಗಿ ಕೊಡದೆ ಸಾಲದ ಮೂಲಕ ಮಾರುವ ದಾರಿ ಹಿಡಿಯಿತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮಣಿಪಾಲದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕ್ ಅಂಥ ಸಾಲಕ್ಕೆ ಮುಂದಾದ ಬ್ಯಾಂಕುಗಳಲ್ಲೊಂದು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕ್ ಅಧಿಕಾರಿಗಳಿಗೆ ಸೌರ ವಿದ್ಯುತ್ತಿನ ತರಬೇತಿ ಕೊಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿ ರಿಯಾಯಿತಿಯ ಸೌರ ಸಾಲವನ್ನು ದಕ್ಷಿಣ ಭಾರತದಲ್ಲಿ ಹರಡಿತು. ಬ್ಯಾಟರಿಯ ಒತ್ತಡ 12 ವೋಲ್ಟ್ ಮಾತ್ರವಾದುದರಿಂದ ಇಲ್ಲಿ ತಂತಿಯ ಪಾಲು ಮನೆಯೊಳಗೇ ಹೊಂಚುಹಾಕುತ್ತದೆ. 9 ವ್ಯಾಟ್‌ನ ನಾಲ್ಕು ದೀಪಗಳಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಬೇಕು; 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 15 ಮೀಟರ್ ಎಳೆದರೆ, ಹೋಗಿಬರುವ 30 ಮೀಟರಿನ ರೋಧ 0.34 ಓಮ್, ಕಳೆಯುವ ವೋಲ್ಟ್ 1ಕ್ಕಿಂತ ತುಸು ಹೆಚ್ಚು, ಕಳೆಯುವ ಸಾಮರ್ಥ್ಯ 3 ವ್ಯಾಟ್. ಅಷ್ಟೇ ದೀಪಗಳನ್ನು ಅದೇ ತಂತಿಯಲ್ಲಿ 230 ವೋಲ್ಟಿನಿಂದ ಬೆಳಗಿಸಿದ್ದರೆ ನಷ್ಟ ವ್ಯಾಟಿನ ನೂರನೆಯ ಒಂದು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಬ್ಯಾಟರಿಯನ್ನು ದೀಪಗಳ ಮಧ್ಯಕ್ಕೆ ತರಬೇಕು, ತಂತಿ ದಪ್ಪವಿರಬೇಕು, ಕೊಟ್ಟಿಗೆಯ ದೀಪಕ್ಕೆ ಬೇರೆ ಎಳೆ ಬೇಕು ಎಂಬ ಬಗೆಯ ತೀರ್ಮಾನಗಳನ್ನು ಶಾಲೆ ಅರ್ಧಕ್ಕೆ ಬಿಟ್ಟ ತಂತ್ರಜ್ಞರೂ ಕೈಲೆಕ್ಕದಿಂದಲೇ ಮಾಡಬೇಕಾಯಿತು. ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೀಗೆ ಒಂದು ತುದಿಯಲ್ಲಿ 12 ವೋಲ್ಟಿನ ದೀಪಗಳು ಬೆಳಗುತ್ತಿದ್ದ ಜಿಲ್ಲೆಯ ಇನ್ನೊಂದು ತುದಿಯಲ್ಲಿ 400 ಕಿಲೋವೋಲ್ಟಿನ ಗೋಪುರಗಳು ಎದ್ದವು. ಕುಂದಾಪುರ ಕಡೆಯ ಹೊಸಂಗಡಿಯಲ್ಲಿ ನೆಲದಡಿಯ ವಾರಾಹಿ ವಿದ್ಯುದಾಗಾರ 1989ರ ಬಳಿಕ ಕೆಲಸ ಆರಂಭಿಸಿ, 2009ರಲ್ಲಿ ಇನ್ನೆರಡು ಘಟಕಗಳನ್ನು ಪಡೆದು 460 ಮೆಗಾವ್ಯಾಟ್‌ಗೆ ಬೆಳೆದಿತ್ತು. ಕಾಪು ತಾಲೂಕಿನ ಎಲ್ಲೂರಿನಲ್ಲಿ, ಬಹುಕಾಲದ ಜನವಿರೋಧದ ನಡುವೆ, ಆಮದು ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರ 2010ರಲ್ಲಿ ಮೊದಲ ಘಟಕವನ್ನು ಚಾಲೂ ಮಾಡಿತು. 600 ಮೆಗಾವ್ಯಾಟ್‌ನ ಎರಡು ಘಟಕಗಳ ಈ ಸ್ಥಾವರ 2015ರಲ್ಲಿ ಲ್ಯಾಂಕೋ ಸಂಸ್ಥೆಯಿಂದ ಅದಾನಿ ಸಮೂಹದ ಕೈಗೆ ಹೋಯಿತು. ಉಪ್ಪುನೀರು, ಹಾರುಬೂದಿಗಳಿಂದ ಸುತ್ತಲ ಕೃಷಿಗಾದ ಹಾನಿಯ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಸುಮಾರು 52 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಇಲ್ಲಿಯ ವಿದ್ಯುತ್ತು ಕಾರ್ಕಳ ತಾಲೂಕಿನ ಕೇಮಾರು ಉಪಕೇಂದ್ರಕ್ಕೆ 220 ಕಿಲೋವೋಲ್ಟಿನಲ್ಲೂ, ಘಟ್ಟ ಹತ್ತಿ ಹಾಸನದ ಬಳಿಯ ಶಾಂತಿಗ್ರಾಮಕ್ಕೆ 400 ಕಿಲೋವೋಲ್ಟಿನಲ್ಲೂ ಹೋಗುತ್ತದೆ. ಮೂರು ಫೇಸಿನ ಲೆಕ್ಕದಲ್ಲಿ 600 ಮೆಗಾವ್ಯಾಟನ್ನು 400 ಕಿಲೋವೋಲ್ಟಿನಲ್ಲಿ ಸಾಗಿಸಲು ತಂತಿಗೆ ಸುಮಾರು 866 ಆಂಪಿಯರ್ ಬೇಕು, 220 ಕಿಲೋವೋಲ್ಟಿನಲ್ಲಿ 1575 ಆಂಪಿಯರ್. ಅದೇ ತಂತಿಯಲ್ಲಿ ನಷ್ಟ ಮೂರು ಪಟ್ಟಿಗಿಂತ ಹೆಚ್ಚು. ಇಂಥ ಮಾರ್ಗಗಳಿಗೆ ಸಾಮಾನ್ಯವಾಗಿ ಬಳಸುವ ಮೂಸ್ ಎಂಬ ತಂತಿಯನ್ನು ಜೋಡಿಯಾಗಿ ಎಳೆದರೆ, 600 ಮೆಗಾವ್ಯಾಟ್ ನೂರು ಕಿಲೋಮೀಟರ್ ಸಾಗುವಾಗ ಸುಮಾರು 6 ಮೆಗಾವ್ಯಾಟ್ ಶಾಖವಾಗುತ್ತದೆ, ಅಂದರೆ ಶೇಕಡಾ 1. ನೂರು ಕಿಲೋಮೀಟರಿಗೆ ಶೇಕಡಾ 1 ಕೇಳುವ ತಂತಿ, ಕೊನೆಯ ಒಂದು ಕಿಲೋಮೀಟರಿಗೆ ಶೇಕಡಾ 15 ಕೇಳುತ್ತದೆ. ಸ್ಥಾವರ ಮನೆಯಂಗಳಕ್ಕೆ ಬಂದರೂ ಎಲ್ಲೂರಿನ ಸುತ್ತಲಿನವರ ಸಂಜೆಯ ವೋಲ್ಟೇಜ್ ತಾನಾಗಿ ಏರಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ಅದನ್ನು ಏರಿಸುವುದು ದೂರದ ಟ್ರಾನ್ಸ್‌ಫಾರ್ಮರ್ ಅಲ್ಲ, ತೋಟದ ಅಂಚಿಗೆ ತಂದು ಇಡುವ ಸಣ್ಣ ಟ್ರಾನ್ಸ್‌ಫಾರ್ಮರ್.

ಟಂಗ್‌ಸ್ಟನ್ ಎಳೆಯ ಬಲ್ಬುಗಳು ಮರೆಯಾಗಿ 2015ರಿಂದೀಚೆಗೆ 9 ವ್ಯಾಟ್‌ನ ಎಲ್‌ಇಡಿ ದೀಪಗಳು ಮನೆಮನೆ ಸೇರಿದಾಗ ತಂತಿಯ ಮೇಲಿನ ದೀಪಗಳ ಭಾರ ನಾಲ್ಕನೆಯ ಒಂದು ಭಾಗಕ್ಕೂ ಕೆಳಗಿಳಿಯಿತು. ಇವುಗಳಲ್ಲಿ ಬಹುಪಾಲು ದೀಪಗಳೊಳಗಿನ ಮಂಡಲ ಒತ್ತಡ ಏರಿದರೂ ಇಳಿದರೂ ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯವನ್ನು ಎಳೆಯುವುದರಿಂದ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ‘ದೀಪದ ರೋಧ’ ಹೇಳುವ ಹಳೆಯ ಲೆಕ್ಕಕ್ಕೆ ಇಲ್ಲಿ ಸ್ಥಿರವಾದ ಅರ್ಥವಿಲ್ಲ.

ಎಲ್ಲೂರಿನಿಂದ ಕಾಸರಗೋಡು ಜಿಲ್ಲೆಯ ಕರಿಂದಳಂವರೆಗೆ ಸುಮಾರು 115 ಕಿಲೋಮೀಟರ್ ಉದ್ದದ ಹೊಸ 400 ಕಿಲೋವೋಲ್ಟ್ ಮಾರ್ಗದ ಕೆಲಸ ಆರಂಭವಾದಾಗ, ಕಾರ್ಕಳ ತಾಲೂಕಿನ ಇನ್ನಾ ಮೊದಲಾದ ಗ್ರಾಮಗಳ ಕೃಷಿಕರು ಅದನ್ನು ತಡೆದು ನಿಂತರು. ಒತ್ತಡ ಹೆಚ್ಚಿದಂತೆ ತಂತಿ ವಿದ್ಯುತ್ತಿನಿಂದ ಪಡೆಯುವ ಪಾಲು ಕುಗ್ಗುತ್ತದೆ, ನೆಲದಿಂದ ಪಡೆಯುವ ಪಾಲು ಹಿಗ್ಗುತ್ತದೆ. 400 ಕಿಲೋವೋಲ್ಟಿನ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ತೆರವಿರಬೇಕು. ಬಯಲುಸೀಮೆಯ ರಾಗಿ ಹೊಲ ಆ ಪಟ್ಟಿಯ ಕೆಳಗೂ ಬೆಳೆಯಬಲ್ಲುದು, ಇಲ್ಲಿಯ ಭತ್ತದ ಗದ್ದೆಯೂ ಬೆಳೆಯಬಲ್ಲುದು, ಆದರೆ ತೆಂಗು, ಅಡಿಕೆಗಳ ತೋಟ ಉಳಿಯಲಾರದು. ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಗೋಪುರದ ಬುಡದ ನೆಲಕ್ಕೆ ಬೆಲೆಯ ಶೇಕಡಾ 85ನ್ನೂ ಪಟ್ಟಿಯ ಉಳಿದ ನೆಲಕ್ಕೆ ಹೆಚ್ಚೆಂದರೆ ಶೇಕಡಾ 15ನ್ನೂ ಪರಿಹಾರವಾಗಿ ಸೂಚಿಸಿತು. ತೋಟದ ಆದಾಯದ ಲೆಕ್ಕ ಬಲ್ಲವರಿಗೆ ಎರಡನೆಯ ಅಂಕಿ ಒಪ್ಪಿಗೆಯಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಗೋಪುರ ನಿಲ್ಲಿಸಲು ಸಂಸ್ಥೆಗಳಿಗೆ ಸಿಕ್ಕ ಅಧಿಕಾರವಾದರೂ ಹೊಸದಲ್ಲ; 2003ರ ವಿದ್ಯುತ್ ಕಾಯ್ದೆಯ 164ನೆಯ ಕಲಮಿನ ಮೂಲಕ ಅವುಗಳಿಗೆ ದೊರೆಯುವುದು 1885ರ ಭಾರತೀಯ ತಂತಿ ಕಾಯ್ದೆಯಲ್ಲಿ ಸಮಾಚಾರದ ತಂತಿ ಎಳೆಯುವವರಿಗಾಗಿ ಬರೆದಿಟ್ಟ ಅಧಿಕಾರ, ಆ ಕಾಯ್ದೆಯಂತೆ ನೆಲದ ಒಡೆತನ ಒಡೆಯನಲ್ಲೇ ಉಳಿಯುತ್ತದೆ, ತಂತಿ ಹಾಯುವ ಹಕ್ಕು ಮಾತ್ರ ಕೈ ಬದಲಾಗುತ್ತದೆ.